ಎಲ್ಲೋ ಕೊಡ್ತೀನಿ ಕಣ್ಲಾ

ಕೆ.ಆರ್.ಎಸ್. ಬಸ್‌ಸ್ಟ್ಯಾಂಡಿನ ಪಕ್ಕದ ಕಾರ್ ಸ್ಟ್ಯಾಂಡಿನಲ್ಲಿ ಹಳದಿ ಅನ್ನುವ ಮಾತನ್ನು ಯಾರೂ ಆಡುವುದಿಲ್ಲ. ಮದುವೆಮನೆಯಲ್ಲಿ ಮೈಗೆ ಹಚ್ಚುವುದು ಅರಿಶಿನ, ಕಣ್ಣಿಗೆ ಇಳಿದರೆ ಕಾಮಾಲೆ, ಹೆಂಡತಿಗೆ ತರುವ ಸೀರೆ ನಿಂಬೆಹಣ್ಣಿನ ಬಣ್ಣದ್ದು. ಬಾಡಿಗೆ ಓಡುವ ಕಾರಿನ ನಂಬರ್ ಪ್ಲೇಟು ಮಾತ್ರ ಎಲ್ಲೋ. ಕಾರಿನ ಮೈ ಬೆಳ್ಳಗಿರಲಿ ಕಪ್ಪಗಿರಲಿ, ಪ್ಲೇಟು ಆ ಬಣ್ಣದ್ದಾದರೆ ಇಡೀ ಕಾರೇ ಎಲ್ಲೋ. 'ನಿಂದು ವೈಟಾ, ಎಲ್ಲೋನಾ?' ಎಂದು ಒಬ್ಬ ಡ್ರೈವರು ಇನ್ನೊಬ್ಬನನ್ನು ಕೇಳಿದರೆ, ಬಾಡಿಗೆಗೆ ಪರ್ಮಿಟ್ ಇರುವ ಕಾರೋ ಅಥವಾ ಮನೆ ಬಳಕೆಯ ಕಾರನ್ನು ಕದ್ದುಮುಚ್ಚಿ ಬಾಡಿಗೆಗೆ ಬಿಟ್ಟಿದ್ದೀಯೋ ಅಂತ ಅರ್ಥ. ಇಂಗ್ಲಿಷಿನವರು ಈ ಮಾತನ್ನು ಹೇಗೆ ಉಚ್ಚರಿಸುತ್ತಾರೋ ಅದು ಅವರ ಕರ್ಮ. ನಮ್ಮ ಬಾಯಲ್ಲಿ ಅದು ಅಚ್ಚಕನ್ನಡದ ಎಲ್ಲೋ ಆಗಿಯೇ ಹೊರಬೀಳುತ್ತದೆ. ಎಲ್ಲೋ ಇಟ್ಟೆ, ಎಲ್ಲೋ ಹೋದ, ಎಲ್ಲೋ ನೋಡಿದ ಹಾಗಿದೆ ಅನ್ನುತ್ತೇವಲ್ಲ, ಅದೇ ಎಲ್ಲೋ. ತಿಮ್ಮೇಶ ಕೆಟ್ಟದ್ದು ಈ ಎರಡು ಎಲ್ಲೋಗಳ ನಡುವೆ.

ತಿಮ್ಮೇಶನಿಗೆ ಈಗ ನಲವತ್ತೇಳು. ಅಪ್ಪ ನೀರಾವರಿ ಇಲಾಖೆಯಲ್ಲಿ ದಿನಗೂಲಿಗಿದ್ದ, ನಾಲೆಯ ತೂಬು ಎತ್ತಿ ಇಳಿಸಿಯೇ ಮುದುಕನಾದ. ಮಗ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಟ್ರಾಕ್ಟರು ಹತ್ತಿದ. ಅದೇ ಶಾಲೆಯಲ್ಲಿ ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂತು ಅದೇ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಇನ್ನೊಬ್ಬ ರವೀಂದ್ರ. ಅವನಿಗೆ ಚಿಂತೆಯಿರಲಿಲ್ಲ, ಮನೆಯಲ್ಲಿ ನಾಲೆ ಕೆಳಗಿನ ಗದ್ದೆ, ತೆಂಗಿನ ತೋಟ, ಹಾಲು ಕರೆಯುವ ಆರು ಹಸು ಇದ್ದವು. ರವೀಂದ್ರ ಒಂದು ಹಳೆಯ ಮಾರುತಿ ವ್ಯಾನು ತಂದ, ತಿಮ್ಮೇಶ ಅದಕ್ಕೆ ಡ್ರೈವರಾದ. ಇಬ್ಬರೇ ಇದ್ದಾಗ 'ಲೇ ರವಿ', ಪ್ಯಾಸೆಂಜರುಗಳ ಮುಂದೆ 'ರವೀಂದ್ರಣ್ಣ'. ಈ ಏರ್ಪಾಡನ್ನು ಯಾರೂ ಹೇಳಿಕೊಡಲಿಲ್ಲ, ತಾನಾಗಿ ಆಯಿತು.

ಆ ವ್ಯಾನು ವೈಟ್ ಬೋರ್ಡು. ಬೃಂದಾವನ ನೋಡಲು ಬಂದವರನ್ನು ಹತ್ತಿಸಿಕೊಂಡು ಶ್ರೀರಂಗಪಟ್ಟಣ, ಮೇಲುಕೋಟೆ ತೋರಿಸಿ ತರುವುದು. ದಾರಿಯಲ್ಲಿ ಆರ್‌ಟಿಓದವರು ಕೈ ಅಡ್ಡ ಹಿಡಿದರೆ ಮುಗಿಯಿತು. ಅದಕ್ಕೇ ಹೊರಡುವ ಮೊದಲೇ ತಿಮ್ಮೇಶ ಪ್ಯಾಸೆಂಜರುಗಳಿಗೆ ಪಾಠ ಹೇಳಿಕೊಡುತ್ತಿದ್ದ: "ಯಾರಾದ್ರೂ ಕೇಳುದ್ರೆ ನಾನು ನಿಮ್ ಸೋದರಮಾವ." ಹೀಗೆ ಅವನು ಕಲಬುರಗಿಯವರಿಗೆ ಮಾವನಾದ, ಮಂಗಳೂರಿನವರಿಗೆ ಮಾವನಾದ, ಕನ್ನಡವೇ ಬಾರದ ಒಂದು ಗುಜರಾತಿ ಕುಟುಂಬಕ್ಕೂ ಮಾವನಾದ. ಒಂದು ಸಲ ಹಿಂದಿನ ಸೀಟಿನ ಮಗುವೊಂದು 'ಡ್ರೈವರ್ ಮಾವ' ಎಂದು ಕರೆದು ಗುಟ್ಟು ರಟ್ಟು ಮಾಡಿತು. ಅವತ್ತು ಅಧಿಕಾರಿಗೇ ನಗು ಬಂದು ಬಿಟ್ಟು ಕಳಿಸಿದರು. ರವೀಂದ್ರನಿಗಾಗಿ ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದು ತಿಮ್ಮೇಶನಿಗೆ ರೂಢಿಯಾದದ್ದು ಆ ವೈಟ್ ಬೋರ್ಡಿನಲ್ಲಿ.

ಆಮೇಲೆ ಇನೋವಾ ಬಂತು. ಎಲ್ಲೋ ಬೋರ್ಡು, ನೆಟ್ಟಗೆ ಪರ್ಮಿಟ್ಟು, ಯಾರಿಗೂ ಮಾವನಾಗುವ ಗೋಜಿಲ್ಲ. ಆ ಕಾಲದಲ್ಲಿ ಎಲ್ಲೋ ಓಡಿಸಬೇಕಾದರೆ ಲೈಸೆನ್ಸಿನ ಜೊತೆಗೆ ಬ್ಯಾಡ್ಜು ಬೇಕಿತ್ತು. ತಿಮ್ಮೇಶ ಮೂರು ಸಲ ಓಡಾಡಿ ಬ್ಯಾಡ್ಜು ಮಾಡಿಸಿಕೊಂಡ. ಯಜಮಾನನಾದ ರವೀಂದ್ರ ಅದರ ತಂಟೆಗೇ ಹೋಗಲಿಲ್ಲ. ತಿಮ್ಮೇಶ ಬೆಳಗ್ಗೆ ಎದ್ದು ತನ್ನ ಮುಖ ತೊಳೆಯುವ ಮೊದಲು ಕಾರು ತೊಳೆಯುತ್ತಿದ್ದ. ನಂಬರ್ ಪ್ಲೇಟಿನ ಬಣ್ಣ ಬಿಸಿಲಿಗೆ ಮಾಸಿದಾಗ ತಾನೇ ಕೂತು ಬಳಿದ. ಹೆಂಡತಿ ಸುಮ ರೇಗಿಸುತ್ತಿದ್ದಳು: "ನನ್ನ ಮಕಕ್ಕೆ ಒಂದ್ಸಲಾನಾರ ಅರಿಸ್ನ ಅಚ್ಚಿದ್ದೀರಾ? ಅದ್ರು ಮಕಕ್ಕೆ ಅಚ್ತೀರಿ."

ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಏಳು ಗಂಟೆಗೆ ಇಬ್ಬರೂ ಆ ಇನೋವಾದಲ್ಲಿ ಪಾಂಡವಪುರದ ಕಡೆಯಿಂದ ಬರುತ್ತಿದ್ದರು. ಓಡಿಸುತ್ತಿದ್ದವನು ರವೀಂದ್ರ, ಪಕ್ಕದಲ್ಲಿ ತಿಮ್ಮೇಶ. ಚಿನಕುರಳಿ ಹತ್ತಿರ ಕ್ವಾರಿಯಿಂದ ಕಲ್ಲು ತುಂಬಿಕೊಂಡ ಟಿಪ್ಪರೊಂದು ಮುಂದೆ ಹೋಗುತ್ತಿತ್ತು. ಅದರ ಧೂಳು ಕುಡಿಯಲಾರದೆ ರವೀಂದ್ರ ಎಡಕ್ಕೆ ನುಗ್ಗಿಸಿದ. ರಸ್ತೆ ಅಂಚಿನಲ್ಲಿ ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ನಡೆಯುತ್ತಿದ್ದ ಪುಟ್ಟತಾಯಮ್ಮ ಅನ್ನುವ ಹೆಂಗಸಿಗೆ ಹಿಂದಿನಿಂದ ತಗುಲಿತು. ಕ್ಯಾನು ಒಂದು ಕಡೆ, ಅವಳು ಒಂದು ಕಡೆ. ಹಾಲು ಟಾರಿನ ಮೇಲೆಲ್ಲ ಹರಿಯಿತು. ರವೀಂದ್ರ ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದ. ಇಳಿದು ಓಡಿದವನು ತಿಮ್ಮೇಶ, ಅವಳನ್ನು ಎತ್ತಿ ಸೀಟಿನಲ್ಲಿ ಮಲಗಿಸಿದವನು ತಿಮ್ಮೇಶ, ವಾಪಸ್ಸು ಪಾಂಡವಪುರದ ಆಸ್ಪತ್ರೆಗೆ ಓಡಿಸಿದವನೂ ಅವನೇ.

ಆಸ್ಪತ್ರೆಯ ಕಾಂಪೌಂಡಿನ ಹೊಂಗೆಮರದ ಕೆಳಗೆ ರವೀಂದ್ರ ಅವನ ಎರಡೂ ಕೈ ಹಿಡಿದುಕೊಂಡ.

"ಲೇ ತಿಮ್ಮೇಶ, ನಂಗೆ ಬ್ಯಾಡ್ಜಿಲ್ಲ ಕಣ್ಲಾ. ನಾನ್ ಓಡುಸ್ತಿದ್ದೆ ಅಂದ್ರೆ ಇನ್ಸೂರೆನ್ಸ್‌ನೋರು ಕೈ ಎತ್ಬುಡ್ತಾರೆ. ಆಯಮ್ಮಂಗೂ ಏನೂ ಸಿಕ್ಕಕಿಲ್ಲ, ನಾನೂ ಒಳೀಕ್ ಓಯ್ತೀನಿ. ನಿಂಗ್ ಬ್ಯಾಡ್ಜೈತೆ. ನೀನೇ ಓಡುಸ್ತಿದ್ದೆ ಅಂದ್ಬುಡು."

"ನನ್ ಲೈಸೆನ್ಸು ಓಯ್ತದಲ್ಲೋ ರವಿ. ಅದೊಂದ್ ಬುಟ್ರೆ ನನ್ತಾವ ಏನೈತೆ?"

"ಕೇಸು ಮುಗೀಲಿ, ಎಲ್ಲೋ ಕೊಡ್ತೀನಿ ಕಣ್ಲಾ. ನಮ್ಮವ್ವನ್ ಆಣೆ."

ಇಷ್ಟೇ ಮಾತು. 'ನಿಂಗೆ' ಅನ್ನುವ ಒಂದು ಪದ ಅದರಲ್ಲಿರಲಿಲ್ಲ. ಎದುರಿಗೆ ನಿಂತವನ ಕೈ ಹಿಡಿದುಕೊಂಡು ಹೇಳಿದ ಮೇಲೆ ಇನ್ಯಾರಿಗೆ ಅಂತ ಅನುಮಾನ ಪಡುವುದು ಹೇಗೆ? ಕಾರು ತನ್ನದಾಗುತ್ತದೆ ಅನ್ನುವುದು ತಿಮ್ಮೇಶನ ಎದೆಯಲ್ಲಿ ಆ ಗಳಿಗೆಯಲ್ಲೇ ಕೂತುಬಿಟ್ಟಿತು. ಒಳಗೆ ಹೋದ. ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ಪುಟ್ಟತಾಯಮ್ಮ ಕಣ್ಣು ಬಿಟ್ಟು ಕೇಳಿದಳು: "ನನ್ನ ಗುದ್ದಿದ್ದು ಯಾರಪ್ಪ?"

"ನಾನೇ ಕಣವ್ವ."

"ಬುಟ್ಟು ಓಡೋಗ್ನಿಲ್ವಲ್ಲ. ನಿನ್ ಒಟ್ಟೆ ತಣ್ಣಗಿರ್ಲಿ," ಅಂದಳು ಅವಳು. ಕಾಲು ಮುರಿಸಿಕೊಂಡವಳ ಬಾಯಲ್ಲಿ ಬಂದ ಮಾತು ಅದು.

ಕೇಸು ಮೂರು ವರ್ಷ ಎಳೆಯಿತು. ವಾಯಿದೆ ವಾಯಿದೆಗೂ ತಿಮ್ಮೇಶ ಬಿಳಿ ಶರಟು ಹಾಕಿಕೊಂಡು ಕೋರ್ಟಿನ ಜಗಲಿಯಲ್ಲಿ ಕೂತ. ಕೊನೆಗೆ ತಪ್ಪೊಪ್ಪಿಕೊಂಡ, ದಂಡವಾಯಿತು, ಲೈಸೆನ್ಸು ಆರು ತಿಂಗಳು ಅಮಾನತ್ತಾಯಿತು. ಆ ಆರು ತಿಂಗಳು ಅಣೆಕಟ್ಟೆಯ ಹತ್ತಿರದ ಫ್ರೈ ಹೋಟೆಲೊಂದರಲ್ಲಿ ಮೀನು ಉಜ್ಜಿದ. ಸ್ಟ್ಯಾಂಡಿನ ಕಡೆ ಬಂದರೆ ಜೊತೆಯವರು ಮೂಗು ಮುಚ್ಚಿಕೊಂಡು ಆಟ ಆಡಿಸುತ್ತಿದ್ದರು. ಸುಮಳಿಗೂ ಮಗಳು ಸಹನಳಿಗೂ ನಿಜ ಹೇಳಲಿಲ್ಲ. ಅವರ ಪಾಲಿಗೂ ಗುದ್ದಿದವನು ಅವನೇ. 'ಇಷ್ಟು ವರ್ಸ ದುಡಿದಿದ್ದಕ್ಕೆ ರವಿ ಎಲ್ಲೋ ಕೊಡ್ತಾನಂತೆ' ಎಂದಷ್ಟೇ ಹೇಳಿದ್ದ. ಸುಮ ಕಾರಿನ ಮುಂದಿನ ಗಾಜಿಗೆ ಮಗಳ ಹೆಸರು ಬರೆಸಬೇಕೆಂದು ಆಗಲೇ ತೀರ್ಮಾನ ಮಾಡಿಟ್ಟಿದ್ದಳು.

ಪುಟ್ಟತಾಯಮ್ಮನ ಕಾಲು ಕೂಡಿಕೊಂಡಿತು, ಆದರೆ ಗಿಡ್ಡವಾಯಿತು. ಮೇಲುಕೋಟೆಗೆ ಬಿಟ್ಟು ಬರುವ ಬಾಡಿಗೆ ಬಂದಾಗಲೆಲ್ಲ ತಿಮ್ಮೇಶ ವಾಪಸ್ಸು ಬರುತ್ತ ಖಾಲಿ ಕಾರನ್ನು ಅವಳ ಮನೆ ಮುಂದೆ ನಿಲ್ಲಿಸುತ್ತಿದ್ದ. ಮೊದಮೊದಲು ಅಳುಕಿನಿಂದ ಹೋದ, ಆಮೇಲೆ ಇಷ್ಟಪಟ್ಟು ಹೋದ. ಉಣ್ಣದೆ ಎದ್ದು ಬರಲು ಅವಳು ಬಿಡುತ್ತಿರಲಿಲ್ಲ. ಮುದ್ದೆ, ಉಪ್ಸಾರು, ಮೇಲೆ ಒಂದು ಲೋಟ ಮಜ್ಜಿಗೆ. ಡೈರಿ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಅವನ ಕಥೆ ಹೇಳಿದ್ದಳು. "ಗುದ್ಬುಟ್ಟು ಓಡೋಗೋ ಕಾಲ ಇದು. ಇವ್ನು ನಾನೇ ಕಣವ್ವ ಅಂದ. ಗಂಡ್ಸು ಅಂದ್ರೆ ಇವ್ನು." ಈ ಮಾತು ಕೇಳುವಾಗ ತಿಮ್ಮೇಶ ತಟ್ಟೆ ನೋಡಿಕೊಂಡು ಕೂರುತ್ತಿದ್ದ. ಆದರೂ ಕಿವಿಗೆ ಹಿತವಾಗಿತ್ತು ಅಂತ ಹೇಳಲೇಬೇಕು. ಊರಲ್ಲಿ ಯಾರೂ ಅವನನ್ನು ಹಾಗೆ ಹೊಗಳಿದ್ದಿಲ್ಲ.

ಕೇಸು ಮುಗಿದ ಮೇಲೆ ರವೀಂದ್ರ 'ಈ ಸೀಸನ್ ಕಳೀಲಿ' ಅಂದ. ಆಮೇಲೆ ಕೊರೋನ ಬಂತು. 'ಪ್ಯಾಸೆಂಜರೇ ಇಲ್ದಾಗ ತಕಂಡ್ ಏನ್ ಮಾಡ್ತೀಯಲಾ' ಅಂದ. ಕೊರೋನ ಹೋದ ಮೇಲೆ ಏನೂ ಅನ್ನಲಿಲ್ಲ. ತಿಮ್ಮೇಶನೂ ಕೇಳಲಿಲ್ಲ. ಅವ್ವನ ಮೇಲೆ ಆಣೆ ಮಾಡಿದವನನ್ನು ಪದೇಪದೇ ಕೇಳಿದರೆ ಆಣೆಗೆ ಮರ್ಯಾದೆ ಇರುತ್ತದೆಯೇ? ದಡ್ಡತನ ಅನ್ನಿ, ಮಾನ ಅನ್ನಿ, ಅವನಲ್ಲಿ ಅವೆರಡೂ ಯಾವತ್ತೂ ಒಟ್ಟಿಗೇ ಇದ್ದವು.

ಗೊತ್ತಾದದ್ದು ಹೊಸ ನಂಬರ್ ಪ್ಲೇಟಿನ ದೆಸೆಯಿಂದ. ಹಳೆಯ ಗಾಡಿಗಳಿಗೆಲ್ಲ ಸರ್ಕಾರ ಹೇಳಿದ ಹೊಸ ಥರದ ಪ್ಲೇಟು ಹಾಕಿಸಬೇಕೆಂದು ಆಜ್ಞೆಯಾಯಿತಲ್ಲ, ಸ್ಟ್ಯಾಂಡಿನಲ್ಲಿ ಎಲ್ಲರೂ ಬುಕ್ ಮಾಡಿಸುತ್ತಿದ್ದರು. ತಿಮ್ಮೇಶ ಆರ್‌ಸಿ ಕೇಳಿದರೆ ರವೀಂದ್ರ 'ಮನೇಲೈತೆ, ನೋಡಾನ' ಎಂದು ಮೂರು ವಾರ ದಾಟಿಸಿದ. ಒಂದು ಭಾನುವಾರ ಡಿಗ್ರಿ ಓದುತ್ತಿದ್ದ ಸಹನ, "ನಂಬರ್ ಹೊಡೆದ್ರೆ ಮೊಬೈಲಲ್ಲೇ ಬರುತ್ತೆ ಬಿಡಪ್ಪ" ಎಂದು ಹೊಡೆದು ನೋಡಿದಳು. ಕಾರಿನ ವಿವರವೆಲ್ಲ ಬಂತು. ಯಜಮಾನನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟು ಒಂದು ಅಕ್ಷರಕ್ಕೆ ಚುಕ್ಕಿ ಇಟ್ಟಿದ್ದರು.

"ಮೊದಲನೇ ಅಕ್ಸರ ಏನೈತವ್ವ?" ಎಂದು ಕೇಳಿದ ತಿಮ್ಮೇಶ. ಆರ್ ಇದ್ದರೆ ರವೀಂದ್ರ. ಟಿ ಇದ್ದುಬಿಟ್ಟರೆ ತನಗೇ ಹೇಳದೆ ತನ್ನ ಹೆಸರಿಗೆ ಮಾಡಿಸಿಬಿಟ್ಟಿದ್ದಾನೆ ಎಂದೂ ಒಂದು ಕ್ಷಣ ಆಸೆಪಟ್ಟ.

"ಎಸ್ ಇದೆ."

ಕಾಣುತ್ತಿದ್ದ ಅಕ್ಷರಗಳನ್ನು ಕೂಡಿಸಿ ಓದಿದರೆ ಸಿದ್ದಾರ್ಥ. ರವೀಂದ್ರನ ಹೆಂಡತಿಯ ತಮ್ಮ, ಸಿಂಧಘಟ್ಟದವನು. ಎಂಟು ತಿಂಗಳ ಹಿಂದೆಯೇ ಕಾರು ಅವನ ಹೆಸರಿಗೆ ಹೋಗಿತ್ತು. ಸ್ವಂತ ಟೂರಿಸ್ಟ್ ಆಫೀಸು ತೆರೆಯುವವರೆಗೆ ಕಾರು ಕೆ.ಆರ್.ಎಸ್.ನಲ್ಲೇ ದುಡಿಯಲಿ ಎಂದು ಬಿಟ್ಟಿದ್ದ. ಎಂಟು ತಿಂಗಳಿಂದ ತಿಮ್ಮೇಶ ಬೆಳಗ್ಗೆ ಎದ್ದು ಸಿದ್ದಾರ್ಥನ ಕಾರು ತೊಳೆಯುತ್ತಿದ್ದ. ಅದು ರವೀಂದ್ರನಿಗೆ ಗೊತ್ತಿತ್ತು, ಸಿದ್ದಾರ್ಥನಿಗೂ ಗೊತ್ತಿತ್ತು.

ಮಾರನೇ ದಿನ ಮಧ್ಯಾಹ್ನ ಸ್ಟ್ಯಾಂಡಿನ ಎದುರು ಮಂಜುನಾಥನ ಟೀ ಅಂಗಡಿಯಲ್ಲಿ ರವೀಂದ್ರ ಕೂತಿದ್ದ. ಸುತ್ತ ಏಳೆಂಟು ಡ್ರೈವರುಗಳು. ತಿಮ್ಮೇಶ ಹೋಗಿ ಎದುರಿಗೆ ನಿಂತ. ಜಗಳ ಮಾಡಬೇಕೆಂದೇ ಹೋದದ್ದು, ಆದರೆ ಜನರಿದ್ದರಲ್ಲ, ಬಾಯಿಗೆ ರೂಢಿಯ ಮಾತೇ ಬಂತು.

"ರವೀಂದ್ರಣ್ಣ, ಎಲ್ಲೋ ಕೊಡ್ತೀನಿ ಅಂದಿದ್ರಿ."

ರವೀಂದ್ರನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಅವನು ಟೀ ಊದಿದ, ಸುತ್ತ ಕೂತವರನ್ನು ಒಮ್ಮೆ ನೋಡಿದ. ಆಮೇಲೆ ನಕ್ಕ.

"ಊಂ ಕಣ್ಲಾ, ಅಂದಿದ್ದೆ. ಈಗ ಇಲ್ಲ ಅಂದ್ನಾ? ಎಲ್ಲೋ ಕೊಡ್ತೀನಿ ಅಂದೆ, ಎಲ್ಲೋ ಕೊಟ್ಬುಟ್ಟೆ!"

ಒಂದು ಕ್ಷಣ ಯಾರಿಗೂ ತಲೆಗೆ ಹೋಗಲಿಲ್ಲ. ಹೋದ ಮೇಲೆ ಇಡೀ ಅಂಗಡಿ ಗೊಳ್ಳೆಂದಿತು. ಮಂಜುನಾಥ ನಗುವ ಭರದಲ್ಲಿ ಟೀಯನ್ನು ಲೋಟದ ಹೊರಗೆ ಸುರಿದ. "ಎಲ್ಲೋಯ್ತಲ್ಲೋ ತಿಮ್ಮೇಶ ನಿನ್ ಎಲ್ಲೋ?" ಎಂದು ಒಬ್ಬ ಕೂಗಿದ, ಅದಕ್ಕೂ ನಕ್ಕರು. ಮೂಗು ಮುಚ್ಚಿಕೊಂಡು ಆಟವಾಡಿಸಿದವರೇ, ಆದರೆ ಇಪ್ಪತ್ತು ವರ್ಷ ಒಂದೇ ಬೀಡಿ ಹಂಚಿಕೊಂಡು ಸೇದಿದವರು. ಅವರಿಗೆ ಇದರ ಹಿಂದಿನದ್ದು ಗೊತ್ತಿರಲಿಲ್ಲ ನಿಜ. ತಿಮ್ಮೇಶನ ಮುಖ ನೋಡಿದ್ದರೆ ಸಾಕಾಗಿತ್ತು, ಯಾರೂ ನೋಡಲಿಲ್ಲ. ಎಲ್ಲಕ್ಕಿಂತ ಹೇಸಿಗೆಯೆಂದರೆ ತಿಮ್ಮೇಶನೂ ನಕ್ಕುಬಿಟ್ಟ. ಯಜಮಾನ ತಮಾಷೆ ಮಾಡಿದಾಗ ನಗುವುದು ಅವನ ಬಾಯಿಗೆ ಅಷ್ಟು ಒಗ್ಗಿಹೋಗಿತ್ತು.

ನಿಜ ಹೇಳುವ ಹಾಗೂ ಇರಲಿಲ್ಲ. 'ನಿನ್ ಕೇಸು ನಾನ್ ತಕಂಡೆ' ಎಂದರೆ ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದು ತಾನೇ ಒಪ್ಪಿಕೊಂಡ ಹಾಗೆ. ರವೀಂದ್ರ ಅಷ್ಟು ಧೈರ್ಯವಾಗಿ ನಕ್ಕದ್ದೂ ಅದನ್ನು ಎಣಿಸಿಯೇ. ತಿಮ್ಮೇಶ ಕಾರಿನ ಕೀ ತೆಗೆದು ಟೇಬಲ್ಲಿನ ಮೇಲೆ ಇಟ್ಟ.

"ಕೀ ಯಾಕ್ಲಾ ಇಕ್ತೀಯ? ನಾಳೀಕ್ ಮೇಲ್ಕೋಟೆ ಬಾಡ್ಗೆ ಐತೆ," ಅಂದ ರವೀಂದ್ರ. ಏನೂ ಆಗಿಲ್ಲವೆನ್ನುವಂತೆ ಅಂದ.

ತಿಮ್ಮೇಶ ಮನೆಗೆ ನಡೆದ. ಸಂಜೆ ಜಗಲಿಯ ಮೇಲೆ ಕೂತು ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ಸುಮ ಕಾಫಿ ತಂದಿಟ್ಟು ಏನಾಯಿತೆಂದು ಕೇಳಿದಳು. ಕಾರು ಬರುವುದಿಲ್ಲ ಎಂದ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸಹನ ಬಾಗಿಲ ಹತ್ತಿರ ಪುಸ್ತಕ ಹಿಡಿದು ಕೂತಿದ್ದಳು.

"ಅವ್ವ, ಇಂಗ್ಲೀಸಲ್ಲಿ ಎಲ್ಲೋ ಅಂದ್ರೆ ಬರೀ ಅರಿಸ್ನದ್ ಬಣ್ಣ ಅಂತ್ಲೇನವ್ವ? ಬ್ಯಾರೆ ಏನಾರ ಐತಾ?" ಎಂದು ತಿಮ್ಮೇಶ ಮಗಳನ್ನು ಕೇಳಿದ.

ಅಪ್ಪನ ಮನಸ್ಸು ಬೇರೆ ಕಡೆ ಹೋಗಲಿ ಎಂದು ಅವಳು ಮೊಬೈಲು ತೆಗೆದು ಓದಿದಳು. "ಹಳದಿ ಬಣ್ಣ. ಮೊಟ್ಟೆ ಒಳಗಿನ ಹಳದಿ ಭಾಗ. ಹಳೇ ಕಾಗದ ಬಣ್ಣ ಕೆಡುತ್ತಲ್ಲ, ಅದಕ್ಕೂ ಹಂಗೇ ಅಂತಾರಂತೆ. ಇನ್ನೊಂದಿದೆ. ಪುಕ್ಕಲ."

"ಪುಕ್ಲ? ಯಾಕಂತೆ?"

"ಯಾಕೆ ಅಂತ ಕೊಟ್ಟಿಲ್ಲ ಕಣಪ್ಪ. ಹೆದರ್ಕೊಂಡು ಸುಮ್ನಿರೋನಿಗೆ ಎಲ್ಲೋ ಅಂತಾರಂತೆ."

"ಅರಿಸ್ನ ಅಚ್ಕಂಡೋರೆಲ್ಲ ಪುಕ್ಲರಾ? ಅವ್ರಿಗೇನ್ ತಲೆ ಕೆಟ್ಟೈತಾ?" ಎಂದು ತಿಮ್ಮೇಶ ರೇಗಿದ. ರೇಗಿದ್ದು ಇಂಗ್ಲಿಷಿನವರ ಮೇಲೆ, ಆದರೆ ಮಾತು ಅವನನ್ನೇ ಹಿಡಿದುಕೊಂಡಿತು. ಅಂಗಡಿಯಲ್ಲಿ ಹಲ್ಲು ಕಿರಿದದ್ದು ನೆನಪಾಗಿ ಮೈಯೆಲ್ಲ ಉರಿಯಿತು. ಒಬ್ಬರಿಗಾದರೂ ನಿಜ ಹೇಳಬೇಕು ಅನ್ನಿಸಿತು. ಹೇಳಿದರೆ ನಂಬುವವರು, ತನ್ನ ಪರವಾಗಿ ರವೀಂದ್ರನಿಗೆ ಹಿಡಿಶಾಪ ಹಾಕುವವರು ಯಾರಿದ್ದಾರೆ ಎಂದು ಯೋಚಿಸಿದ. ಲೋಕದಲ್ಲಿ ಅವನನ್ನು ಗಂಡಸು ಎಂದು ಕರೆದವಳು ಒಬ್ಬಳೇ.

ಬೆಳಗ್ಗೆ ಎದ್ದು ಬಸ್ಸು ಹಿಡಿದು ಚಿನಕುರಳಿಗೆ ಹೋದ. ಪುಟ್ಟತಾಯಮ್ಮ ಗಿಡ್ಡ ಕಾಲು ಮುಂದಕ್ಕೆ ಚಾಚಿಕೊಂಡು ಕೊಟ್ಟಿಗೆ ಮುಂದೆ ಕೂತು ಹಸುವಿಗೆ ಸೀಮೆಹುಲ್ಲು ಕತ್ತರಿಸುತ್ತಿದ್ದಳು. ಅವನನ್ನು ಕಂಡು ಮುಖವೆಲ್ಲ ನಗುವಾಯಿತು.

"ಬಾ ಮಗ. ಕಾರೆಲ್ಲಿ? ನಡ್ಕಂಡ್ ಬಂದ್ಯಾ? ಕುಂತ್ಕ, ಎಸ್ರಿಗಿಕ್ತೀನಿ."

"ಇರವ್ವ, ಒಂದ್ ಮಾತೈತೆ," ಎಂದು ತಿಮ್ಮೇಶ ನಿಂತೇ ಶುರು ಮಾಡಿದ. ಆವತ್ತು ಓಡಿಸುತ್ತಿದ್ದವನು ರವೀಂದ್ರ, ಬ್ಯಾಡ್ಜು ಇರಲಿಲ್ಲ, ಕೈ ಹಿಡಿದುಕೊಂಡ, ಎಲ್ಲೋ ಕೊಡ್ತೀನಿ ಅಂದ, ಈಗ ಬಾಮೈದನಿಗೆ ಕೊಟ್ಟುಬಿಟ್ಟ, ಎಲ್ಲರ ಎದುರಿಗೆ ನಗಾಡಿದ. ಒಂಬತ್ತು ವರ್ಷದ್ದೆಲ್ಲ ಒಂದೇ ಸಲ ಈಚೆ ಬಂತು. "ನಂಗೆ ದ್ರೋಹ ಮಾಡ್ಬುಟ್ಟ ಕಣವ್ವ. ಅನ್ನ ಉಂಡ್ ಬಾಯಲ್ಲಿ ಆಣೆ ಮಾಡಿ ಕುತ್ಗೆ ಕುಯ್ದ," ಅಂದ.

ಪುಟ್ಟತಾಯಮ್ಮ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದ್ದಳು. ರವೀಂದ್ರನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಅಂಗಾರೆ ನನ್ನ ಗುದ್ದಿದ್ದು ನೀನಲ್ಲ."

"ಅಲ್ಲ ಕಣವ್ವ."

"ಒಂಬತ್ ವರ್ಸದಿಂದ ನಮ್ಮನೇಲಿ ಉಂಡೋನ್ ಯಾರು ಅಂಗಾರೆ?"

ತಿಮ್ಮೇಶನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವಳು ಕುಡುಗೋಲನ್ನು ಪಕ್ಕಕ್ಕಿಟ್ಟಳು. ಅವಳ ಧ್ವನಿ ಏರಲಿಲ್ಲ.

"ಯಾವನ್ ಗುದ್ದುದ್ರೇನು, ನನ್ ಕಾಲ್ ಓಗಿತ್ತು. ಅದು ಬರಾಕಿಲ್ಲ ಅಂತ ನಂಗೊತ್ತಿತ್ತು. ನಿಜ ಅಂದ್ನಲ್ಲ ಅಂತ ನಿನ್ನ ಕರ್ದು ಮುದ್ದೆ ಇಕ್ದೆ. ಬೀದಿ ಬೀದೀಲಿ ಯೋಳ್ಕಂಡ್ ಬಂದೆ. ನನ್ ಮಕ್ಳಿಗೆ ಇವನ್ ನೋಡಿ ಕಲೀರ್ಲಾ ಅಂದೆ. ಆಸ್ಪತ್ರೇಲಿ ಮಲಗಿದ್ ನನ್ನ ಮಕ ನೋಡ್ಕಂಡು ನೀನಂದಿದ್ದು ಕಾರಿಗಾ?"

"ಅವ್ನ್ ಮೋಸ ಮಾಡ್ದ ಕಣವ್ವ..."

"ಅವ್ನು ನಿಂಗ್ ಮಾಡ್ದ. ನಂಗ್ ಮಾಡ್ದೋನು ನೀನು." ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಒಂದ್ ಮಾತ್ ಕೇಳ್ತೀನಿ, ದಿಟ ಅನ್ನು. ಅವ್ನು ಕಾರ್ ಕೊಟ್ಟಿದ್ರೆ ಇವತ್ತು ಬಂದು ಇದ್ನ ನಂಗ್ ಯೋಳ್ತಿದ್ಯಾ?"

ಹಸು ಅರ್ಧ ಕತ್ತರಿಸಿದ ಹುಲ್ಲಿಗೆ ಬಾಯಿ ಹಾಕಿತು. ಯಾರೂ ಓಡಿಸಲಿಲ್ಲ. ಕಾರು ಸಿಕ್ಕಿದ್ದರೆ ಅದರ ಗಾಜಿಗೆ ಮಗಳ ಹೆಸರು ಬರೆಸಿಕೊಂಡು, ಇದೇ ಬಾಗಿಲಿಗೆ ತಂದು ನಿಲ್ಲಿಸಿ, ಇದೇ ಜಗಲಿಯಲ್ಲಿ ಕೂತು ಇವಳ ಕೈಯ ಮುದ್ದೆ ಉಂಡು, ಗಂಡಸು ಅನ್ನಿಸಿಕೊಂಡು ಹೋಗುತ್ತಿದ್ದೆ ಎಂದು ತಿಮ್ಮೇಶನಿಗೆ ಚೆನ್ನಾಗಿ ಗೊತ್ತಿತ್ತು. ರವೀಂದ್ರನ ಮೇಲೆ ಕುದಿಯುತ್ತಿದ್ದ ಸಿಟ್ಟು ಹಿಡಿಯಲು ಜಾಗವಿಲ್ಲದೆ ನಿಂತುಹೋಯಿತು. ನಾಚಿಕೆಯಿಂದ ಅವನ ಕಣ್ಣು ತುಂಬಿತು.

"ಇಲ್ಲ ಕಣವ್ವ. ಯೋಳ್ತಿರ್ನಿಲ್ಲ."

ಪುಟ್ಟತಾಯಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಎಸರಿಗಿಡುವ ಮಾತು ಮತ್ತೆ ಎತ್ತಲಿಲ್ಲ. ಕುಂಟುತ್ತ ಬಾಗಿಲವರೆಗೆ ಹೋಗಿ, ಹೊಸಲಿನ ಆ ಕಡೆ ನಿಂತು ಹಿಂದಿರುಗಿ ನೋಡಿದಳು.

"ಅನ್ನೊಂದ್ ಗಂಟೆಗೆ ಬಸ್ಸೈತೆ," ಅಂದಳು. "ಈಗ ಒಂಟ್ರೆ ಸಿಕ್ತದೆ."